ಬೀಗದ ಕೈ ಇಟ್ಟುಕೊಂಡವಳು

ನನ್ನ ಮನೆಯ ಮುಂಬಾಗಿಲಿನ ಬೀಗಕ್ಕೆ ಕಳ್ಳರ ಮೇಲೆ ಯಾವ ದ್ವೇಷವೂ ಇದ್ದಂತಿಲ್ಲ. ಅದರ ಹಗೆಯೆಲ್ಲ ನನ್ನ ಮೇಲೆ. ಕಸದ ಡಬ್ಬಿ ಇಡಲು ಹೊರಗೆ ಕಾಲಿಟ್ಟರೆ ಸಾಕು, ಗಾಳಿಯ ಜೊತೆ ಮೊದಲೇ ಮಾತಾಡಿಕೊಂಡಂತೆ ಬಾಗಿಲು ತಾನೇ ಮುಚ್ಚಿ, ಟಕ್ ಎಂದು ಬೀಗ ಬಿದ್ದು, ಬೀಗದ ಕೈ ಒಳಗೂ ನಾನು ಹೊರಗೂ ಉಳಿಯುತ್ತೇವೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ಇಲ್ಲದಿದ್ದರೆ ನೀವು ಪುಣ್ಯವಂತರು, ಸುಮ್ಮನೆ ಓದಿ.

ಒಂದು ದಿನ ಹಾಗೆಯೇ ಆಯಿತು. ಬೆಳಿಗ್ಗೆ ಎಂದು ನನ್ನ ನೆನಪು. ಎದುರಿನ ಟೈಲರಿಂಗ್ ಅಂಗಡಿಯ ಮೆಹರುನ್ನಿಸಾ ಆಪಾ ಸಂಜೆ ಎನ್ನುತ್ತಾರೆ. ಒಲೆಯ ಮೇಲೆ ಹಾಲಿತ್ತೋ ಇಲ್ಲವೋ ಈಗ ಹೇಳಲಾರೆ; ಈ ಕತೆ ಹೇಳುವಾಗಲೆಲ್ಲ ನಾನು ಹಾಲು ಇಟ್ಟಿರುತ್ತೇನೆ, ಕೇಳುವವರಿಗೆ ಸ್ವಲ್ಪ ಉರಿ ಬೇಕಾಗುತ್ತದೆ. ಖಚಿತವಾದದ್ದು ಇಷ್ಟು: ಬೀದಿಯ ತುದಿಯ ಮನೆಯ ಪಲ್ಲವಿ ಬಂದಳು, ತಲೆಯಿಂದ ಒಂದು ಪಿನ್ನು ತೆಗೆದಳು, ನಾನು ಆಪಾಗೆ ನನ್ನ ಕಷ್ಟ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು.

"ಎಲ್ಲಿ ಕಲಿತ್ಯೇ ಇದನ್ನ?" ಎಂದೆ.

"ನಮ್ಮಮ್ಮ ಕೀ ತಗೊಂಡು ಕೆಲ್ಸಕ್ಕೆ ಹೋಗ್ಬಿಡ್ತಾರೆ ಆಂಟಿ. ಎಷ್ಟೊತ್ತು ಅಂತ ಮೆಟ್ಟಿಲ ಮೇಲೆ ಕೂತಿರ್ಲಿ?"

ತಾಯಿ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಆರಿಸಲು ಬೆಳಕು ಹರಿಯುವ ಮೊದಲೇ ಹೋಗುವವಳು. ಮಗಳು ಪಿಯುಸಿ ಅರ್ಧಕ್ಕೆ ಬಿಟ್ಟವಳು. ನೆರೆದಿದ್ದವರು ಅವಳನ್ನು ಮೆಚ್ಚಿ ಮಾತಾಡಿದರು. ಆಮೇಲೆ ತಮ್ಮ ತಮ್ಮ ಬಾಗಿಲುಗಳನ್ನು ನೆನೆದು ಮನೆಗೆ ಹೊರಟರು. ಆ ವಾರ ಆರ್.ಟಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಬೀಗದ ವ್ಯಾಪಾರ ಚೆನ್ನಾಗಿ ನಡೆಯಿತು.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬೈಕಿನ ಮೇಲೆ ಇಬ್ಬರು ಹುಡುಗರು ಕಾಣಿಸಿಕೊಳ್ಳತೊಡಗಿದರು. ಪಲ್ಲವಿಯ ಕೈಚಳಕದ ಸುದ್ದಿ ನಮಗಿಂತ ಚೆನ್ನಾಗಿ ಅವರಿಗೆ ಅರ್ಥವಾಗಿತ್ತು. ಪಕ್ಕದ ರಸ್ತೆಯಲ್ಲಿ ಸ್ಕೂಟರೊಂದು ಕಾಣೆಯಾದಾಗ ಮೂಲೆಮನೆಯ ಶ್ರೀಕಂಠಯ್ಯನವರು ಬೀಟ್ ಪೊಲೀಸಿನವನೊಬ್ಬನನ್ನು ಆಪಾಳ ಅಂಗಡಿಗೆ ಕರೆತಂದು, ಚಹಾ ಕೊಡಿಸಿ, ಹುಡುಗಿಯ ಮನೆಯತ್ತ ಕೈ ತೋರಿಸಿದರು.

"ಹೆಸರು ಬರ್ಕೊಳ್ಲಾ ಹೇಳಿ," ಎಂದ ಪೊಲೀಸಿನವನು. "ಬರ್ಕೊಳ್ಳೋದು ಸುಲಭ ಕಣ್ರೀ. ಆಮೇಲೆ ಎಲ್ಲಿ ಗಾಡಿ ಹೋದ್ರೂ ಮೊದ್ಲು ಅವಳ ಮನೆಗೇ ಬರ್ತೀವಿ. ಏನೂ ಮಾಡ್ದೇ ಇದ್ರೂ ಬರ್ತೀವಿ. ಹಂಗೇ ಬರ್ತಾ ಇದ್ರೆ ಅವಳೂ ಒಂದಿನ ಮಾಡೇಬಿಡೋಣ ಅಂದ್ಕೊಳ್ತಾಳೆ."

ಅಪರಾಧ ನಡೆದ ಮೇಲೆ ಮಾಡಬೇಕಾದ್ದಕ್ಕೆ ಈ ಊರಿನಲ್ಲಿ ಕಂಬಕ್ಕೊಂದು ಕ್ಯಾಮೆರಾದಿಂದ ಹಿಡಿದು ಕೋರ್ಟಿನವರೆಗೆ ಏರ್ಪಾಡುಗಳಿವೆ. ನಡೆಯುವ ಮೊದಲು ಮಾಡಬೇಕಾದ್ದಕ್ಕೆ ನಮ್ಮ ಬಳಿ ಇದ್ದದ್ದು ಆಪಾಳ ಅಂಗಡಿಯ ಗೋಡೆಯ ಒಂದು ಮೊಳೆ. ಊರಿಗೆ ಹೋಗುವವರು, ಮರೆವಿನವರು, ಎಲ್ಲರೂ ತಮ್ಮ ಇನ್ನೊಂದು ಬೀಗದ ಕೈಯನ್ನು ಅದಕ್ಕೆ ನೇತುಹಾಕಿ ಹೋಗುವುದು ಬೀದಿಯ ಹಳೆಯ ರೂಢಿ. ನಾನೊಬ್ಬಳು ಮಾತ್ರ, ಅಷ್ಟೊಂದು ಸಲ ಹೊರಗುಳಿದರೂ, ನಾಳೆ ಹಾಕಿದರಾಯಿತು ಎಂದುಕೊಂಡೇ ಇದ್ದೆ.

"ಬರ್ಕೋಬೇಡಿ ಸಾಬ್," ಎಂದರು ಆಪಾ. "ಇನ್ಮೇಲೆ ಈ ಕೀ ಎಲ್ಲಾ ಅವಳ ಹತ್ರಾನೇ ಇರ್ಲಿ."

"ತಲೆ ಕೆಟ್ಟಿದ್ಯೇನಮ್ಮಾ ನಿಮಗೆ?" ಎಂದರು ಶ್ರೀಕಂಠಯ್ಯ.

"ಅರೇ, ಕದಿಯೋಕೆ ಅವಳಿಗೆ ಕೀ ಯಾಕ್ರೀ ಬೇಕು? ಪಿನ್ ಸಾಕು."

ಪೊಲೀಸಿನವನು ಚಹಾ ಮುಗಿಸಿ, ಏನನ್ನೂ ಬರೆದುಕೊಳ್ಳದೆ ಹೋದ.

ಹೀಗೆ ಬೀದಿಯ ಬಾಗಿಲುಗಳೆಲ್ಲ ಪಲ್ಲವಿಯ ಪಾಲಾದವು. ನಾನೂ ನನ್ನದನ್ನು ಕೊಟ್ಟೆ. ಶ್ರೀಕಂಠಯ್ಯನವರು ಮರ್ಯಾದೆಗೆ ಅಂಜಿ ಒಂದು ಬೀಗದ ಕೈಯನ್ನು ಕೊಟ್ಟರು. ಮಾರನೆಯ ದಿನ ಪಲ್ಲವಿ ಅದನ್ನು ವಾಪಸು ತಂದಳು. "ಅಂಕಲ್, ಇದು ನಿಮ್ಮ ಗೇಟಿಂದಲ್ಲ."

"ನೀನು ಹಾಕಿ ನೋಡಿದ್ಯಾ?"

"ಇಲ್ಲ. ಇದರ ಮೇಲೆ ಒಂದು ಕಂಪನಿ ಹೆಸರಿದೆ, ನಿಮ್ಮ ಬೀಗದ ಮೇಲೆ ಇನ್ನೊಂದು. ರಸ್ತೆಯಿಂದಾನೇ ಕಾಣ್ಸತ್ತೆ."

ಶ್ರೀಕಂಠಯ್ಯ ಒಳಗೆ ಹೋಗಿ ಸರಿಯಾದದ್ದನ್ನು ತಂದರು. ವಯಸ್ಸಾಯಿತು, ಮರೆವು ಎಂದರು. ಪಲ್ಲವಿ ನಂಬಿದಂತೆ ತಲೆಯಾಡಿಸಿದಳು. ಯಾರನ್ನು ಯಾರು ತಿದ್ದುತ್ತಿದ್ದಾರೆ ಎಂಬುದು ಆ ಹೊತ್ತಿಗೆ ನನಗೆ ಅಷ್ಟು ಸ್ಪಷ್ಟವಾಗಿರಲಿಲ್ಲ.

ಒಂದು ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಆ ಬೈಕು ನಿಂತಿತ್ತು, ಪಕ್ಕದಲ್ಲಿ ಪಲ್ಲವಿ.

"ಹೆಬ್ಬಾಳದ ಹತ್ರ ಮಗಾ, ಎರಡು ನಿಮಿಷದ ಕೆಲ್ಸ. ಹಿಂದೆ ಕೂತ್ಕೋ," ಎನ್ನುತ್ತಿದ್ದ ಒಬ್ಬ.

"ಆಗಲ್ಲ ಗುರು. ನಮ್ಮ ಬೀದಿ ಲಕ್ಷ್ಮಮ್ಮ ಈಗ ಆಸ್ಪತ್ರೆಯಿಂದ ಬರ್ತಾರೆ. ಅವರ ಕೀ ನನ್ ಹತ್ರ ಇದೆ."

"ಯಾರಿಗಾದ್ರೂ ಕೊಟ್ಟು ಬಾ ಮಚ್ಚಾ."

"ಯಾರಿಗ್ ಕೊಡ್ಲಿ? ಎಲ್ಲಾರೂ ನನಗೇ ಕೊಟ್ಟಿರೋದು."

ಆ ಮಾತಿನಲ್ಲಿ ಸದ್ಗುಣದ ಸುಳಿವೂ ಇರಲಿಲ್ಲ, ಬರೀ ಬೇಸರವಿತ್ತು. ಅಪರಾಧದಿಂದ ಮನುಷ್ಯರನ್ನು ದೂರವಿಡುವುದು ನೀತಿ ಎಂದು ನಾನು ತಿಳಿದಿದ್ದೆ. ಬಹುಶಃ ಮನೆಯ ಮುಂದೆ ಯಾರೋ ಕಾಯುತ್ತಿರುತ್ತಾರೆ ಎಂಬ ಕಿರಿಕಿರಿಯೇ ಹೆಚ್ಚು ಕೆಲಸ ಮಾಡುತ್ತದೆ. ಬೈಕು ಹೊರಟುಹೋಯಿತು. ಪ್ರಬಂಧವನ್ನು ಇಲ್ಲಿಗೇ ಮುಗಿಸಿದ್ದರೆ ಬಹಳ ಅಂದವಾಗಿರುತ್ತಿತ್ತು.

ಕೆಲವು ದಿನಗಳಲ್ಲಿ ಆ ಹುಡುಗರು ಯಲಹಂಕದ ಕಡೆ ಕದ್ದ ಸ್ಕೂಟರಿನೊಂದಿಗೆ ಸಿಕ್ಕಿಬಿದ್ದರು. ಜೊತೆಗಿದ್ದವನು ನಮ್ಮ ಹಿಂದಿನ ಬೀದಿಯ ನವೀನ, ಪಲ್ಲವಿಯ ಓರಗೆಯವನು. ಅವನ ಕೈಯೂ ಚುರುಕಂತೆ. ಗಂಡಾಂತರ ತಪ್ಪಿತೆಂದು ಶ್ರೀಕಂಠಯ್ಯನವರು ಮೈಸೂರುಪಾಕು ಹಂಚಿದರು. ಪಲ್ಲವಿ ತನ್ನ ಪಾಲನ್ನು ತಿನ್ನದೆ ಕೈಯಲ್ಲೇ ಹಿಡಿದು ನಿಂತಿದ್ದಳು.

"ಅವತ್ತು ಅವರು ಕರೆದಾಗ ನಾನು ಆಗಲ್ಲ ಅಂದೆ ಆಂಟಿ. ಅದಕ್ಕೇ ಅವನನ್ನ ಕರ್ಕೊಂಡ್ ಹೋಗಿದಾರೆ."

ನಾವು ಒಂದು ಬೀದಿಯನ್ನು ಕಾಯ್ದಿದ್ದೆವು. ಹಿಂದಿನ ಬೀದಿ ನಮ್ಮದಾಗಿರಲಿಲ್ಲ.

ನವೀನ ರಿಮ್ಯಾಂಡ್ ಹೋಮಿನಿಂದ ಈಚೆಗೆ ಮನೆಗೆ ಬಂದ. ಹೊರಗೆ ಮುಖ ತೋರಿಸುತ್ತಿಲ್ಲವಂತೆ. ನಿನ್ನೆ ಪಲ್ಲವಿ ನನ್ನ ಹೊಸ್ತಿಲಲ್ಲಿ ನಿಂತು, "ಆಂಟಿ, ನಿಮ್ಮದು ಇನ್ನೊಂದು ಕೀ ಇದ್ಯಾ?" ಎಂದಳು.

"ಯಾಕೆ?"

"ನವೀನಂಗೆ. ಎಲ್ಲಾ ನಾನೊಬ್ಬಳೇ ನೋಡ್ಕೊಳ್ಳೋಕಾಗಲ್ಲ."

ಒಳಗೆ ಹೋಗಿ, ನನ್ನ ಹತ್ತಿರ ಉಳಿದಿದ್ದ ಒಂದೇ ಬೀಗದ ಕೈಯನ್ನು ತಂದು ಅವಳಿಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ, ಮೇಲಿನ ಹೆಸರು ನೋಡಿ, ಬಾಗಿಲಿನ ಬೀಗ ನೋಡಿ, ಮತ್ತೆ ನನ್ನನ್ನು ನೋಡಿದಳು.

"ಇದು ಇದೇ ಬಾಗಿಲಿಂದು ತಾನೇ?"

ನಾನು ಹೊಸ್ತಿಲು ದಾಟಿ ಹೊರಗೆ ಬಂದು, ಗಾಳಿಗಾಗಿ ಕಾಯದೆ ಬಾಗಿಲನ್ನು ನಾನೇ ಎಳೆದೆ. ಟಕ್ ಎಂದಿತು.

"ಅವನೇ ಬಂದು ತೆಗೀಲಿ," ಎಂದೆ. "ಬೇಗ ಕರ್ಕೊಂಡ್ ಬಾ."

ಅವಳು ಹಿಂದಿನ ಬೀದಿಯತ್ತ ಓಡಿದಳು. ನಾನು ಮೆಟ್ಟಿಲ ಮೇಲೆ ಕೂತೆ. ಈ ಸಲ ಮಾತ್ರ ನನಗೆ ಅನುಮಾನವಿಲ್ಲ: ಒಲೆಯ ಮೇಲೆ ಹಾಲಿತ್ತು.