ಮೂಗುಬೊಟ್ಟಿನ ತಿರುಪು

ನಮ್ಮಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೂ ಮೆಡಿಕಲ್ ಸೀಟಿನ ನೀಟ್ ಪರೀಕ್ಷೆ ಯಾವ ಭಾನುವಾರ ಬರುತ್ತದೆ ಎಂಬುದು ನಮ್ಮೂರು ಸಾಸಲಿನ ಸುತ್ತಮುತ್ತ ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತು. ಆ ದಿನ ವೈರ್ ಬ್ಯಾಗಿನಲ್ಲಿ ಕೊಬ್ಬರಿ ಎಣ್ಣೆ, ಹತ್ತಿ, ಒಂದು ಸಣ್ಣ ಇಕ್ಕಳ ಇಟ್ಟುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತುತ್ತಾಳೆ. ಆ ಬ್ಯಾಗು ಕಂಡರೆ ಇವತ್ತಿಗೂ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಅಮ್ಮನ ಈ ಓಡಾಟ ಶುರುವಾದದ್ದು ನನ್ನಿಂದ. ಮೊದಲ ಸಲ ನೀಟ್ ಬರೆದಾಗ ಬಂದ ಅಂಕ ಹೇಳಿಕೊಳ್ಳುವಂಥದ್ದಲ್ಲ. ಇನ್ನೊಂದು ವರ್ಷ ಮನೆಯಲ್ಲೇ ಕೂತು ಓದುತ್ತೇನೆ ಎಂದೆ. ಡೈರಿಗೆ ಹಾಲು ಹಾಕಲು ಹೋದಾಗಲೆಲ್ಲ ಅಪ್ಪ "ನಮ್ ಡಾಕ್ಟ್ರಮ್ಮ ಓದ್ತಾ ಅವ್ಳೆ" ಎಂದು ಸಾರಿ ಬರುತ್ತಿದ್ದರು. ರೇಷ್ಮೆ ಹುಳುವಿನ ಕೆಲಸವನ್ನೆಲ್ಲ ಅಮ್ಮ ಒಬ್ಬಳೇ ಹೊತ್ತಳು. ಸೊಪ್ಪು ಕೊಯ್ದು ತಂದು ಹುಳುಗಳಿಗೆ ಹಾಕಿ, ಕೈ ತೊಳೆದು, ನನ್ನ ರೂಮಿನ ಬಾಗಿಲಿಗೇ ಕಾಫಿ ತರುತ್ತಿದ್ದಳು. ಒಳಗೆ ನಾನು ಫಿಸಿಕ್ಸ್ ಪುಸ್ತಕದ ಒಂದೇ ಪುಟವನ್ನು ವಾರಗಟ್ಟಲೆ ನೋಡುತ್ತಿದ್ದೆ. ಸೋಮಾರಿತನವಲ್ಲ, ಭಯ. ಭಯಕ್ಕೆ ಓದಲಿಲ್ಲ, ಓದಲಿಲ್ಲವೆಂದು ಇನ್ನಷ್ಟು ಭಯ. ಗೋಡೆಯಾಚೆ ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು. ಆ ಮನೆಯಲ್ಲಿ ಕೆಲಸ ಮಾಡದವಳು ನಾನೊಬ್ಬಳೇ.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಅಮ್ಮ ಮನೆದೇವರಿಗೆ ಹರಕೆ ಹೊತ್ತು ನನಗೆ ಮೂಗು ಚುಚ್ಚಿಸಿದಳು. ಪರೀಕ್ಷೆ ಮುಗಿಯುವ ತನಕ ಆ ಮೂಗುಬೊಟ್ಟು ತೆಗೆಯಕೂಡದು. ಒಡವೆ ಹಾಕಿಕೊಂಡರೆ ಪರೀಕ್ಷೆಗೆ ಒಳಗೇ ಬಿಡುವುದಿಲ್ಲ ಎಂದೆ. ಅಮ್ಮ ಒಂದು ದಿನ ಯೋಚಿಸಿದಳು.

"ಗೇಟಿನ್ ತನ್ಕ ಇರ್ಲಿ. ಅಲ್ಲಿ ನಾನೇ ಬಿಚ್ಚಿ ಇಟ್ಕೊಂಡಿರ್ತೀನಿ. ಈಚೆ ಬಂದ ತಕ್ಷಣ ಹಾಕ್ತೀನಿ."

ದೇವರನ್ನೂ ಸರ್ಕಾರವನ್ನೂ ಒಟ್ಟಿಗೇ ರಾಜಿ ಮಾಡಿಸಿದ ಹೆಂಗಸು ಅವಳು.

ಪರೀಕ್ಷೆಯ ದಿನ ದೊಡ್ಡಬಳ್ಳಾಪುರದ ಕೇಂದ್ರದ ಗೇಟಿನಲ್ಲಿ ತಪಾಸಣೆಯ ಮಹಿಳೆ ನನ್ನ ಮೂಗು ತೋರಿಸಿ, "ಅದನ್ನ ಬಿಚ್ಬಿಟ್ಟು ಬಾಮ್ಮ, ಒಂದೂವರೆಗೆ ಗೇಟ್ ಹಾಕ್ತೀವಿ," ಎಂದಳು. ಇನ್ನೂ ಇಪ್ಪತ್ತು ನಿಮಿಷವಿತ್ತು. ತಿರುಪು ಸಡಿಲವಾಗಿಯೇ ಇತ್ತು. ಬೆಳಗ್ಗೆ ಮುಖ ತೊಳೆಯುವಾಗ ನಾನೇ ತಿರುಗಿಸಿ ನೋಡಿದ್ದೆ. ಅಮ್ಮನ ಬೆರಳು ಮೂಗಿಗೆ ತಾಗಿತೋ ಇಲ್ಲವೋ, "ಅಯ್ಯೋ, ನೋಯ್ತದೆ!" ಎಂದು ಕಿರುಚಿದೆ. ಅಮ್ಮ ಕೆಂಡ ಮುಟ್ಟಿದವಳಂತೆ ಕೈ ತೆಗೆದಳು.

ಅಂಗಡಿಗೆ ಓಡಿ ಎಣ್ಣೆ ತಂದಳು. ಮತ್ತೆ ಕಿರುಚಿದೆ. ಪಂಕ್ಚರ್ ಅಂಗಡಿಯಿಂದ ಇಕ್ಕಳ ತಂದಳು. ನಾನು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡೆ. "ಒಂಚೂರು ತಡ್ಕೊಳವ್ವ," ಎಂದು ಬೇಡಿಕೊಂಡಳು. ಪೊಲೀಸಿನವರು ಗೇಟು ಹಾಕಿದರು. ಅಮ್ಮ ಗೇಟಿನ ಸರಳು ಹಿಡಿದು ಅತ್ತಳು. "ವರ್ಷವೆಲ್ಲಾ ಓದವ್ಳೆ ಸಾ ನನ್ ಮಗ್ಳು. ನಾನ್ ಹಾಕ್ಸಿದ್ದು ಸಾ ಅದು. ನಂದೇ ತಪ್ಪು."

ಬರೆಯದ ಪರೀಕ್ಷೆಗೆ ಅಂಕ ಇಲ್ಲ. ಫೇಲಾದಳು ಎಂದು ಯಾರೂ ಅನ್ನುವಂತಿಲ್ಲ. ಅಮ್ಮ ಅಳುತ್ತಿದ್ದಾಗ ನನಗಾದದ್ದು ನೆಮ್ಮದಿ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಮ್ಮನ ಹರಕೆಯನ್ನೇ ಡೊಂಕು ಮಾಡಿದೆ.

ಸಂಜೆ ಬಚ್ಚಲಲ್ಲಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ತಿರುಪು ಕಳಚಿ ಅಂಗೈಗೆ ಬಿತ್ತು. ಸೋಪು ಹಚ್ಚಿದ್ದಕ್ಕೆ ಬಂತು ಎಂದು ಅಮ್ಮನಿಗೆ ಹೇಳಿದೆ. ಅವಳು ಮದುವೆಯ ದಿನದಿಂದ ಹಾಕಿದ್ದ ತನ್ನ ಮೂಗುಬೊಟ್ಟನ್ನೂ ಬಿಚ್ಚಿ, ನನ್ನದರ ಜೊತೆ ದೇವರ ಗೂಡಿನಲ್ಲಿಟ್ಟಳು. ಮತ್ತೆ ಅದನ್ನು ಹಾಕಲೇ ಇಲ್ಲ. ನಾನು ಮತ್ತೆ ನೀಟ್ ಬರೆಯಲಿಲ್ಲ. ಬಿ.ಎಸ್ಸಿ. ಮಾಡಿ ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಾರನೇ ವರ್ಷದಿಂದ ಅಮ್ಮ ಆ ಬ್ಯಾಗು ಹಿಡಿದು ಅದೇ ಗೇಟಿನ ಮುಂದೆ ನಿಲ್ಲತೊಡಗಿದಳು, ಯಾರ ಮನೆಯ ಹೆಣ್ಣುಮಗಳಿಗೂ ಹಾಗಾಗದಿರಲಿ ಎಂದು.

ಈ ವರ್ಷ ಅವಳಿಗೆ ಮಂಡಿ ನೋವು, ಜೊತೆಗೆ ನಾನು ಹೋದೆ. ಒಬ್ಬ ಹುಡುಗಿ "ನೋಯ್ತದೆ ಆಂಟಿ" ಎಂದು ಮುಖ ಹಿಂದಕ್ಕೆಳೆದಳು. ಅಮ್ಮ ಕೈ ಬಿಡಲಿಲ್ಲ. ಗಲ್ಲ ಹಿಡಿದು, ಎಣ್ಣೆ ಬಿಟ್ಟು, ತಿರುಪು ಬಿಚ್ಚಿಯೇಬಿಟ್ಟಳು. ಹುಡುಗಿ ಒಳಗೆ ಓಡಿದಳು.

"ಅವತ್ತೂ ಹಿಂಗೇ ಗಟ್ಟಿ ಮನ್ಸು ಮಾಡಿದ್ರೆ ನೀನ್ ಡಾಕ್ಟ್ರಾಗಿರ್ತಿದ್ದೆ. ನಾನ್ ಕೈ ಬಿಟ್ಬಿಟ್ಟೆ," ಎಂದಳು ಅಮ್ಮ.

ಇನ್ನು ತಡೆಯಲಾಗಲಿಲ್ಲ. "ಅಮ್ಮಾ, ಅವತ್ತು ನಂಗೆ ನೋವೇ ಆಗ್ಲಿಲ್ಲ. ತಿರುಪು ಬಿಗಿ ಇರ್ಲಿಲ್ಲ. ನಾನು ಏನೂ ಓದಿರ್ಲಿಲ್ಲ, ಅದಕ್ಕೇ ಕಿರುಚ್ದೆ."

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಎಣ್ಣೆಗೈಯಲ್ಲೇ ನನ್ನ ಕೆನ್ನೆ ಸವರಿದಳು.

"ನನ್ ಸಂಕಟ ನೋಡಕ್ಕಾಗ್ದೆ ಹಂಗಂತೀಯ ಕಣವ್ವ. ನನ್ ಮಗ್ಳು ನಂಗೊತ್ತಿಲ್ವಾ? ಬಾಗ್ಲಿಗೆ ಕಾಫಿ ತಂದಾಗೆಲ್ಲಾ ನೋಡಿವ್ನಿ. ತಲೆ ಎತ್ತದೆ ಓದ್ತಿದ್ದೆ."

ಇನ್ನೊಬ್ಬ ಹುಡುಗಿ ಮೂಗು ಹಿಡಿದುಕೊಂಡು ನಮ್ಮ ಕಡೆಗೇ ಓಡಿ ಬರುತ್ತಿದ್ದಳು. ಅಮ್ಮ ಎಣ್ಣೆ ಬಾಟಲಿಯ ಮುಚ್ಚಳ ತೆಗೆದು, ಹಿಡಿದುಕೋ ಎಂದು ನನ್ನ ಕೈಗೆ ಕೊಟ್ಟಳು.