ಸೇಡಮಿನ ಮನೆಗೆ ಮೆಟ್ಟಿಲು ಬಂದದ್ದು

ನಮ್ಮ ಯಜಮಾನರು ತೆಲುಗು ಸೀಮೆಯ ಪಾಲಮೂರು ಕಡೆಯವರು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಕಟ್ಟುವಾಗ ಊರಿನ ಗುಂಪಿನ ಜೊತೆ ಕಲ್ಲು ಹೊರಲು ಬಂದವರು, ಗುಂಪು ವಾಪಸು ಹೋದಾಗ ತಾವು ಹೋಗಲಿಲ್ಲ. ಯಾಕೆಂದು ಕೇಳಿದರೆ ಶಹಾಬಾದಿನ ಪರಸಿ ಎಂಬ ಹಾಸುಗಲ್ಲಿನ ಮೇಲೆ ಮನಸ್ಸಾಯಿತು ಎನ್ನುತ್ತಿದ್ದರು. ನನ್ನ ಮೇಲೆ ಮನಸ್ಸಾಯಿತೆಂದು ಒಂದು ಸಲವಾದರೂ ಸುಳ್ಳು ಹೇಳಬಹುದಿತ್ತು.

ನನ್ನ ತವರು ಸೇಡಂ ತಾಲ್ಲೂಕಿನ ಮುಧೋಳ. ಅಲ್ಲಿ ತೆಲುಗು, ಕನ್ನಡ ಎರಡೂ ನಡೆಯುವುದರಿಂದ ನಮ್ಮ ಮದುವೆಗೆ ಮಾತು ಅಡ್ಡಿಯಾಗಲಿಲ್ಲ. ಆದರೆ ತೆಲುಗಿನ ರೂಢಿಯಂತೆ ಅವರ ಕನ್ನಡದಲ್ಲಿ ಹೆಂಗಸರೆಲ್ಲ ‘ಅದು’ ಆಗಿಬಿಡುತ್ತಿದ್ದರು. ‘ಅತ್ತಿ ಬಂತು, ಚಾ ಕೊಡು’ ಎಂದು ನಮ್ಮವ್ವನ ಎದುರಿಗೇ ಹೇಳುವರು.

‘ಎಮ್ಮಿ ಬಂತು ಅಂದಂಗ ಅಂತೀರಲ್ರಿ’ ಎಂದು ಅವ್ವ ಸೆರಗು ಸರಿಮಾಡಿಕೊಂಡರೆ, ತಪ್ಪು ಎಲ್ಲಾಯಿತೆಂದು ತಿಳಿಯದೆ ಅವರು ಇನ್ನೊಂದು ಕಪ್ಪು ಚಾ ಹೇಳುವರು.

ಕಲ್ಲು ಹೊರುತ್ತಿದ್ದ ಇವರು ಗೌಂಡಿಯಾದರು. ಗೋಡೆ ಕಟ್ಟುವುದರಲ್ಲಿ ಕೈ ಪಳಗಿದ ಮೇಲೆ, ಇನ್ನೊಬ್ಬರ ಕೈಕೆಳಗೆ ಎಷ್ಟು ದಿನ ಎಂದು ಗುತ್ತೇದಾರರೇ ಆದರು. ಇನ್ನೂ ಮೈಸೂರು ರಾಜ್ಯ ಎನ್ನುತ್ತಿದ್ದ ಕಾಲ ಅದು. ಮೊದಲ ಗುತ್ತಿಗೆ ಸೇಡಮಿನ ಒಬ್ಬ ತೊಗರಿ ವ್ಯಾಪಾರಿಯ ಮನೆ. ಕೆಳಗೆ ಸಂಸಾರಕ್ಕೆ, ಮೇಲೆ ಇನ್ನೊಂದು ಅಂತಸ್ತು. ನಕ್ಷೆ ತೆಗೆಸಿರಿ ಎಂದು ಯಾರೋ ಹೇಳಿದರೆ ಇವರು ಹಣೆ ಮುಟ್ಟಿ ತೋರಿಸಿದರು. ನಕ್ಷೆ ಅಲ್ಲಿದೆಯಂತೆ. ಸುಣ್ಣದ ಪುಡಿ ಹಿಡಿದು ನೆಲದ ಮೇಲೆ ಕೋಣೆಗಳನ್ನು ಬರೆದರು. ರಂಗೋಲಿ ಹಾಕುವ ನನಗೂ ಅಷ್ಟು ನೆಟ್ಟಗೆ ಗೆರೆ ಬರುವುದಿಲ್ಲ, ನಿಜ ಹೇಳಬೇಕು.

ಗೋಡೆ ಎದ್ದವು. ಕೆಳಗಿನ ಮಾಳಿಗೆ ಮುಗಿದು ಮೇಲಿನದೂ ಮುಗಿಯಿತು. ಆಳುಗಳು ಬಿದಿರು ಕಟ್ಟಿ ಹಲಗೆ ಹಾಸಿದ ದಾರಿಯಲ್ಲಿ ಗಾರೆಯ ಬುಟ್ಟಿ ಹೊತ್ತು ಹತ್ತಿ ಇಳಿಯುತ್ತಿದ್ದರು. ವ್ಯಾಪಾರಿಯೂ ಅದೇ ಹಲಗೆ ಹತ್ತಿ ನೋಡಿಬರುತ್ತಿದ್ದ. ಸುಣ್ಣ ಬಳಿದಾದ ಮೇಲೆ ಬಿದಿರು ಬಿಚ್ಚಿ ಬಂಡಿಗೆ ಹಾಕಿ ಕಳಿಸಿದರು.

ಮರುದಿನ ಗೃಹಪ್ರವೇಶದ ಮುಂಚಿನ ಪೂಜೆಗೆ ತೆಂಗಿನಕಾಯಿ ಹಿಡಿದು ನಾನೂ ಹೋಗಿದ್ದೆ. ವ್ಯಾಪಾರಿಯ ತಾಯಿ ಬಂದಳು. ದೊಡ್ಡ ಕುಂಕುಮದ, ಸಣ್ಣ ದನಿಯ ಮುದುಕಿ. ಕೋಣೆ ಕೋಣೆ ನೋಡಿ, ಗೋಡೆ ತಟ್ಟಿ, ಕೊನೆಗೆ ಅಂಗಳದಲ್ಲಿ ನಿಂತು ಮೇಲೆ ನೋಡಿದಳು.

‘ಭಾಳ ಛಲೋ ಆಗ್ಯದ. ಮ್ಯಾಲ ಹೋಗಾದು ಎಲ್ಲಿಂದ, ತಮ್ಮಾ?’

‘ಇಲ್ಲಿಂದೇ ಅಮ್ಮಾ’ ಎಂದು ಇವರು ಧೈರ್ಯವಾಗಿ ಹೊರಟರು. ಪಡಸಾಲೆಗೆ ಹೋದರು, ಅಡುಗೆಮನೆಗೆ ಹೋದರು, ಹಿತ್ತಲಿಗೆ ಹೋದರು. ಆಮೇಲೆ ಮನೆಯನ್ನು ಹೊರಗಿನಿಂದ ಒಂದು ಸುತ್ತು ಬಂದು ಮತ್ತೆ ಮುದುಕಿಯ ಮುಂದೆ ನಿಂತರು. ಹೊಸ ಸುಣ್ಣದ ಗೋಡೆಗೂ ಅವರ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ.

‘ಪ್ರದಕ್ಷಿಣಿ ಆಯ್ತೇನಪಾ? ಈಗ ಮೆಟ್ಟಲಾ ತೋರಿಸು’ ಎಂದಳು ಮುದುಕಿ.

ಮೆಟ್ಟಿಲು ಇರಲಿಲ್ಲ. ಹಣೆಯೊಳಗಿನ ನಕ್ಷೆಯಲ್ಲಿ ಅದೊಂದು ಬಿಟ್ಟುಹೋಗಿತ್ತು.

ವ್ಯಾಪಾರಿ ಬೈಯುವನೆಂದುಕೊಂಡೆ. ಅವನು ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ. ‘ಮ್ಯಾಲಿನ ಮನಿ ಪಾರಿವಾಳಕ್ಕ ಕಟ್ಟೀರೇನ್ರಿ ಗೌಂಡಿ?’ ಎಂದ. ನನಗೆ ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ. ಮೊದಲ ಕೆಲಸವೇ ಹೀಗಾದರೆ ಈ ಸೀಮೆಯಲ್ಲಿ ಇನ್ನು ಯಾರು ಕರೆದಾರು ಎಂಬ ಅಂಜಿಕೆಯೂ ಇತ್ತು.

‘ಗೃಹಪ್ರವೇಶ ಮುಂದಕ್ಕ ಹಾಕ್ರಿ. ಮೆಟ್ಲು ನಾ ಮಾಡ್ತೀನಿ’ ಎಂದರು ಇವರು.

ಒಳಗೆ ಜಾಗವೇ ಇರಲಿಲ್ಲ. ಶಹಾಬಾದಿಗೆ ಹೋಗಿ ದಪ್ಪನೆಯ ಪರಸಿಗಳನ್ನು ಒಂದೊಂದನ್ನೇ ತಟ್ಟಿ ಆರಿಸಿ ತಂದರು. ಹೊರಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಪ್ರತಿ ಕಲ್ಲಿನ ಒಂದು ತುದಿಯನ್ನು ಗೋಡೆಯೊಳಗೆ ಆಳವಾಗಿ ಕೂರಿಸಿದರು. ಇನ್ನೊಂದು ತುದಿ ಗಾಳಿಯಲ್ಲಿ. ಕೆಳಗೆ ಕಂಬವಿಲ್ಲ, ಆಸರೆಯಿಲ್ಲ. ಓಣಿಯ ಜನ ಬಂದು ನೋಡಿದರು, ಹೊಗಳಿದರು. ಕಾಲಿಡಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಇವರು ತಾವೇ ಹತ್ತಲು ಹೋದರೆ ಮುದುಕಿ ತಡೆದಳು. ‘ನೀ ಕಡ್ಡಿ ಇದ್ದಂಗ ಇದ್ದಿ. ನಿನ್ನ ಹೇಣ್ತೀನ್ನ ಹತ್ತಸು.’

ನಾನು ಆಗಲೂ ತೆಳ್ಳಗಿರಲಿಲ್ಲ. ಮೇಲಾಗಿ ನನ್ನ ಸೊಂಟಕ್ಕೆ ತುಂಬಿದ ಕೊಡ ಬೇರೆ ಕೊಟ್ಟಳು.

‘ರೀ, ಹತ್ತಲೇನ್ರಿ?’ ಎಂದೆ.

‘ಹತ್ತು, ಏನಾಗಲ್ಲ’ ಎಂದರು. ಹಾಗೆಂದವರು ಕೆಳಗೆ ಎರಡೂ ಕೈ ಚಾಚಿಕೊಂಡು, ನಾನು ಒಂದು ಮೆಟ್ಟಿಲು ಏರಿದರೆ ತಾವೂ ಒಂದು ಹೆಜ್ಜೆ ಸರಿಯುತ್ತ ಬಂದರು. ಬಿದ್ದಿದ್ದರೆ ನನ್ನನ್ನು ಹಿಡಿಯುತ್ತಿದ್ದರೋ ಕಲ್ಲನ್ನೋ, ಇವತ್ತಿಗೂ ಹೇಳಲಾರೆ. ಮೇಲೆ ಮುಟ್ಟಿ ಕೊಡ ಇಳಿಸಿದೆ. ಊರಾಚೆಯ ತೊಗರಿ ಹೊಲಗಳು ಹಳದಿ ಹೂವಿನಲ್ಲಿ ಕಂಡವು. ಇಳಿಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೆಳಗಿನಿಂದ ಇವರು, ‘ಏನಾಯ್ತು? ಕಲ್ಲು ಅಲುಗ್ಯದೇನು?’ ಎಂದು ಕೂಗಿದರು. ನನ್ನ ಸುದ್ದಿ ಕೇಳಲಿಲ್ಲ.

ವ್ಯಾಪಾರಿ ಮೇಲಿನ ಮನೆಯನ್ನು ಒಬ್ಬ ಮಾಸ್ತರಿಗೆ ಬಾಡಿಗೆಗೆ ಕೊಟ್ಟ. ಮಾಸ್ತರು ಹೊರಗಿನಿಂದಲೇ ಹತ್ತುವರು, ಹೊರಗಿನಿಂದಲೇ ಇಳಿಯುವರು. ಮಾಲೀಕರ ಪಡಸಾಲೆ ತುಳಿಯುವಂತಿಲ್ಲ. ಇದು ನೋಡಿದವರಿಗೆಲ್ಲ ಹಿಡಿಸಿತು. ಚಿತ್ತಾಪುರದಿಂದ ಕರೆ ಬಂತು, ವಾಡಿಯಿಂದ, ಆಮೇಲೆ ಚಿಂಚೋಳಿಯಿಂದ. ‘ಸೇಡಮಿನಾಗ ಹಾಕೀರಲ್ರಿ, ಹಂಗ ಹೊರಗ ಮೆಟ್ಟಲಾ ಬೇಕು’ ಎನ್ನುವರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬರುವ ಹೊತ್ತಿಗೆ ನಮ್ಮವರ ಕೈಕೆಳಗೆ ಗೌಂಡಿಗಳ ದೊಡ್ಡ ತಂಡವೇ ಇತ್ತು.

ಕೇಳಿದವರಿಗೆ ಇವರು ವಿವರಿಸುವ ರೀತಿಯನ್ನು ನೀವು ಕೇಳಬೇಕಿತ್ತು. ಗಾಳಿ, ಬೆಳಕು, ಬಾಡಿಗೆದಾರರ ಅನುಕೂಲ, ಎಲ್ಲ ವಿಚಾರ ಮಾಡಿ ಬೇಕಂತಲೇ ಹೊರಗೆ ಹಾಕಿದ್ದಂತೆ. ಅಂಥ ಹೊತ್ತಿನಲ್ಲಿ ನನಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಎಷ್ಟೋ ವರ್ಷಗಳಾದ ಮೇಲೆ ಒಂದು ಬೇಸಿಗೆ ಆ ಮುದುಕಿ ಸಂಡಿಗೆ ಇಡಲು ನನ್ನನ್ನು ಕರೆಸಿದಳು. ಮಾಳಿಗೆಯ ಮೇಲೆ ಬಟ್ಟೆ ಹಾಸಿ ಇಬ್ಬರೂ ಕುಳಿತಿದ್ದೆವು. ‘ನಿನ್ನ ಗಂಡ ಮರತದ್ದೇ ಛಲೋ ಆಯ್ತು ನೋಡವಾ’ ಎಂದಳು. ‘ಒಳಗ ಮೆಟ್ಟಲಾ ಇದ್ದಿದ್ರ, ಹತ್ತೋರು ಇಳಿಯೋರು ಎಲ್ಲಾರೂ ಪಡಸಾಲ್ಯಾಗಿನ ನನ್ನ ಹಾಸಿಗಿ ದಾಟಿ ಹೋಗಬೇಕಾಗ್ತಿತ್ತು.’

ಮನೆಗೆ ಬಂದಾಗ ಇವರು ರೊಟ್ಟಿ ತಿನ್ನುತ್ತಿದ್ದರು. ‘ಅಮ್ಮ ಏನಂತು?’ ಎಂದು ಕೇಳಿದರು.

‘ಮೆಟ್ಟಲಾ ಭಾಳ ಛಲೋ ಮಾಡ್ಯಾನ ಅಂದ್ರು’ ಎಂದೆ.

‘ಅನ್ನಲೇಬೇಕಲ್ಲ’ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.