ಒಂದೇ ಕೈಯ ಡೋಲಿಗೆ ನಡೆದ ಕುದುರೆ

ಮೊನ್ನೆ ಬೇಗಂ ಬಜಾರಿನ ಅಂಗಡಿಯೊಂದರಲ್ಲಿ ಕಡಲೆ ಹೊಟ್ಟಿನ ಚೀಲ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡೋಲಿನ ಕಾಕಾ ನೆನಪಾದರು. ಕಾಚಿಗೂಡದ ನಮ್ಮ ಓಣಿಯಲ್ಲೇ ಇದ್ದರು, ಮದುವೆ ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದರು. ನಮ್ಮಂತೆ ಅವರೂ ಬೀದರ ಕಡೆಯವರು. ಅಷ್ಟಕ್ಕೇ ನಂಬಿಬಿಡುವ ಜನ ನಾವಲ್ಲ.

ಅಪ್ಪ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದರು. ನಾನು ಕಾಲೇಜಿಗೆ ಹೋಗುವಾಗ ಹೊಸದಾಗಿ ತಂದ ಬಿಳಿ ಹೆಣ್ಣು ಕುದುರೆ ನೋಡಲು ರಾಣಿ, ಎದೆ ಮಾತ್ರ ಗುಬ್ಬಿಯದು. ಡೋಲಿನ ಸದ್ದು ಕೇಳಿದರೆ ಕಣ್ಣು ಹೊರಳಿಸುತ್ತಿತ್ತು, ನಿಂತಲ್ಲೇ ಬೆವರುತ್ತಿತ್ತು. ಒಮ್ಮೆ ಮದುಮಗನನ್ನು ಹೊತ್ತುಕೊಂಡೇ ಸ್ಟೇಷನ್ ಕಡೆ ಓಡಿತು. ಅಪ್ಪ ಮಾರಿಬಿಡುವ ಮಾತಾಡತೊಡಗಿದರು. ಕೊಂಡವರು ಇಟ್ಟಿಗೆ ಗಾಡಿಗೆ ಕಟ್ಟುತ್ತಾರೆಂದು ನಾನು ತಡೆಯುತ್ತಿದ್ದೆ.

ಆಗ ಕಾಕಾ ಬರತೊಡಗಿದರು. ಕುದುರೆ ಕಡಲೆ ಹೊಟ್ಟಿನ ಮೇವಿಗೆ ಬಾಯಿ ಹಾಕುವ ಹೊತ್ತಿಗೆ ಸರಿಯಾಗಿ ಗೇಟಿನಾಚೆ ಕೂತು, ಬೆರಳ ತುದಿಯಿಂದ ಡೋಲು ತಟ್ಟುತ್ತಿದ್ದರು. ಅದರ ಕಿವಿ ಹಿಂದಕ್ಕೆ ಹೋದರೆ ಕೈ ನಿಲ್ಲಿಸುತ್ತಿದ್ದರು. ಅದು ಮತ್ತೆ ಅಗಿಯತೊಡಗಿದರೆ ಇವರೂ ಶುರು. ದಿನಕ್ಕಿಷ್ಟು ಹತ್ತಿರ, ದಿನಕ್ಕಿಷ್ಟು ಜೋರು. ಯಾರೂ ಕರೆದಿರಲಿಲ್ಲ. ಚಹಾ ಕೊಟ್ಟರೂ ಬೇಡ ಎನ್ನುತ್ತಿದ್ದರು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ... ನಮ್ಮ ಕಡೆಯ ಮನುಷ್ಯ ಚಹಾ ಬೇಡ ಅನ್ನುತ್ತಾನೆಯೇ?

"ಏನೋ ಐತಿ ಇದರಾಗ. ಸುಮ್ನ ಯಾರು ಬರ್ತಾರ?" ಎಂದಳು ಅವ್ವ.

ಅವರು ಹೋದ ಮೇಲೆ ನಾನು ಮೇವಿನ ಬುಟ್ಟಿ ಮೂಸಿ ನೋಡುತ್ತಿದ್ದೆ. ಅಫೀಮು ಬೆರೆಸಿರಬಹುದು, ಬೇರೆ ಮಾಲೀಕನಿಗಾಗಿ ಪಳಗಿಸುತ್ತಿರಬಹುದು. ಕೊನೆಗೆ ನೇರವಾಗಿ ಕೇಳಿಯೇಬಿಟ್ಟೆ, ಯಾಕೆ ಬರುತ್ತೀರಿ ಎಂದು.

"ಅಂಜಿಕಿ ನಾವು ಬಿಡಿಸಾಕ ಬರಂಗಿಲ್ಲ ಬೇಟಾ, ಅದು ತಾನ ಬಿಡಬೇಕು" ಎಂದರು. ನಾನು ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ.

ಲಗ್ನದ ಸೀಜನ್ ಬಂದಾಗ ಕುದುರೆ ಕಾಕಾರ ಬ್ಯಾಂಡಿನ ಹಿಂದೆ, ಪಟಾಕಿಯ ನಡುವೆಯೂ ತಲೆ ಎತ್ತಿ ನಡೆಯಿತು. ಅಪ್ಪ ಕಣ್ಣೊರೆಸಿಕೊಂಡರು. ಮರುವಾರ ಬೇರೆ ಬ್ಯಾಂಡಿನವರ ಜೊತೆ ಕಳಿಸಿದರೆ ಒಂದು ಹೆಜ್ಜೆ ಇಡಲಿಲ್ಲ! ಅದಕ್ಕೆ ಕಾಕಾರ ಡೋಲೇ ಬೇಕು. ಅಂದಿನಿಂದ ನಮ್ಮ ಕುದುರೆ ಕೇಳಿದವರು ಅವರ ಬ್ಯಾಂಡನ್ನೂ ಕರೆಸಬೇಕಾಯಿತು.

"ನಾ ಹೇಳಿರಲಿಲ್ಲೇನು?" ಎಂದು ಅವ್ವ ಬೀಗಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗದೇ? ಕೆಣಕಿದರೆ ಕಾಕಾ ನಕ್ಕು ಕುದುರೆಯ ಕುತ್ತಿಗೆ ಸವರುತ್ತಿದ್ದರು. ಉಪಾಯವೋ, ಪ್ರೀತಿಯೋ... ಆ ನಗು ನೋಡಿ ಹೇಳಲಾಗುತ್ತಿರಲಿಲ್ಲ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಎದೆನೋವೆಂದು ಆಸ್ಪತ್ರೆಗೆ ಹೋದ ಕಾಕಾ ತಿರುಗಿ ಬರಲಿಲ್ಲ. ಬ್ಯಾಂಡಿನವರು ಕಾಕಾರದೇ ಡೋಲು ತಂದು ಬಾರಿಸಿದರು. ಕೈ ಬೇರೆ. ಕುದುರೆ ಗೇಟು ದಾಟಲಿಲ್ಲ. ಕಿವಿಯನ್ನು ಆಚೆ ಈಚೆ ತಿರುಗಿಸುತ್ತ ಹುಡುಕಿತು. ಅಪ್ಪ ಮತ್ತೆ ಮಾರುವ ಮಾತೆತ್ತಿದರು.

"ಆಕಿನೂ ಸೂತಕದಾಗ ಅದಾಳ. ಮಾರತೀನಿ ಅಂದ್ರ ನೋಡ್ರಿ ಮತ್ತ!" ಎಂದಳು ಅವ್ವ. ಅದೇ ಅವ್ವ. ಅಪ್ಪ ಕುದುರೆಯನ್ನು ಮತ್ತೆ ಲಾಯಕ್ಕೆ ಕಟ್ಟಿದರು.

ಕುದುರೆ ಮತ್ತೆಂದೂ ಮೆರವಣಿಗೆಗೆ ಹೋಗಲಿಲ್ಲ. ನಮ್ಮಲ್ಲೇ ಮುದಿಯಾಗಿ ಸತ್ತಿತು. ಈಗ ಓಣಿಯಲ್ಲಿ ಡೀಜೆ ಗಾಡಿ ಬರುತ್ತದೆ, ಕಿಟಕಿಯ ಗಾಜು ನಡುಗುತ್ತದೆ. ಪುಕ್ಕಟೆ ಉಪಕಾರ ಮಾಡುವವರನ್ನು ಕಂಡರೆ ನನಗೆ ಇಂದಿಗೂ ಅನುಮಾನವೇ. ಕಾಕಾ ಲೆಕ್ಕ ಹಾಕಿಯೇ ಬಂದಿರಬಹುದು, ಇಲ್ಲ ಎನ್ನಲಾರೆ... ಲಾಭಕ್ಕೇ ಬಂದಿದ್ದರೂ ಸರಿ, ಅವರು ಇನ್ನಷ್ಟು ದಿನ ಇರಬೇಕಿತ್ತು.